ಆಸ್ಪತ್ರೆ ಎಂದರೆ ಅತಿಥಿಯ ಮನೆ

ಆಸ್ಪತ್ರೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಜೈನಾಬ್‌ಬಿಗೆ ಮೈ ಉರಿಯುತ್ತಿತ್ತು. ಶಿರಸಿ–ಯಲ್ಲಾಪುರದ ನಡುವೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಗಂಡ ಅಬ್ದುಲ್ ರಜಾಕ್ ಪರವೂರಿನ ಆಸ್ಪತ್ರೆಯೊಂದರಲ್ಲಿ ಒಬ್ಬನೇ ಸತ್ತಿದ್ದ. ಬಾಗಿಲಲ್ಲಿ ಕೂತಿದ್ದ ಇವಳನ್ನು ಒಳಗೆ ಬಿಟ್ಟಿರಲಿಲ್ಲ. ಅಂಥವಳೇ ೧೯೩೫ರ ಬೇಸಿಗೆಯಲ್ಲಿ, ಶಿರಸಿಗೆ ಕಾಲರಾ ಬಂದು ಎಕ್ಕಂಬಿ ದಾರಿಯ ಬಯಲಲ್ಲಿ ರೋಗಿಗಳಿಗೆಂದು ಚಪ್ಪರ ಎದ್ದಾಗ, ಯಾರೂ ಒಪ್ಪದ ಚಾಕರಿಗೆ ತಾನಾಗಿ ಹೋಗಿ ನಿಂತಳು. ಒಬ್ಬರೇ ಸಾಯುವುದು ಏನೆಂದು ಅವಳಿಗೆ ಗೊತ್ತಿತ್ತು.

ಚಪ್ಪರದ ಕಂಪೌಂಡರ್ ಇನಾಸ್ ಗೋವೆಯವನು. ಪಾದ್ರಿಯಾಗಲು ಹೊರಟು, ಅರ್ಧಕ್ಕೇ ಬಿಟ್ಟು ಬಂದವನು. ಕೈಯಲ್ಲಿ ಔಷಧ ಕಡಿಮೆ, ಬಾಯಲ್ಲಿ ಭಾಷೆಗಳು ಜಾಸ್ತಿ.

"ಜೈನಾಬ್ ಬಾಯಿ, ಆಸ್ಪತ್ರೆ ಅನ್ನೋ ಶಬ್ದ ಎಲ್ಲಿಂದ ಬಂತು ಗೊತ್ತುಂಟಾ?" ಎಂದು ಒಂದು ಸಂಜೆ ಕೇಳಿದ. "ನಮ್ಮ ಪೋರ್ಚುಗೀಸರ ಬಾಯಲ್ಲಿ ಆಸ್ಪತ್ರೆಗೆ 'ಓಸ್ಪಿತಾಲ್', ಅತಿಥಿಗೆ 'ಓಸ್ಪೆದೆ'. ಎರಡಕ್ಕೂ ತಾಯಿ ಲ್ಯಾಟಿನ್ನಿನ 'ಹೋಸ್ಪೆಸ್'. ಬಂದ ಅತಿಥಿಗೂ ಅದೇ ಹೆಸರು, ಬರಮಾಡಿಕೊಂಡ ಯಜಮಾನನಿಗೂ ಅದೇ. ಫ್ರೆಂಚರಲ್ಲಿ, ಇಟಲಿಯವರಲ್ಲಿ ಇವತ್ತಿಗೂ ಹಾಗೇ. ಹೋಟೆಲ್ ಅಂತೀವಲ್ಲ, ಅದೂ ಇದೇ ಸಂಸಾರದ್ದು."

"ಅಂದ್ರೆ ಇವರೆಲ್ಲ ನಮ್ಮ ಮನೆಗೆ ಬಂದ ನೆಂಟರು ಅನ್ನಿ."

"ಹೌದು. ಇನ್ನೊಂದುಂಟು, ಕೇಳು. ಅದೇ ಬೇರಿನ 'ಹೋಸ್ತಿಸ್' ಮೊದಲು ಪರಸ್ಥಳದವನು ಅಂತಿತ್ತು, ಆಮೇಲೆ ಲ್ಯಾಟಿನ್ನಲ್ಲಿ ಶತ್ರು ಅಂತಾಯ್ತು. ಜರ್ಮನರಲ್ಲಿ ಅದರ ಒಡಹುಟ್ಟು 'ಗಾಸ್ಟ್'. ಅಲ್ಲಿ ಅದು ಅತಿಥಿಯಾಗೇ ಉಳೀತು."

ಶತ್ರುವಿನ ಸಂಗತಿ ಜೈನಾಬ್‌ಬಿಯ ತಲೆಯಲ್ಲಿ ನಿಲ್ಲಲಿಲ್ಲ. ಅತಿಥಿ ಮಾತ್ರ ನಿಂತ. ಮಾರನೆಯ ದಿನದಿಂದ ಅವಳು ಸತ್ತವರನ್ನೂ ಹೊರಬಾಗಿಲವರೆಗೆ ಹೋಗಿ ಕಳಿಸಿ ಬರತೊಡಗಿದಳು.

ಮತ್ತಿಘಟ್ಟದ ವೆಂಕಮ್ಮನನ್ನು ಮಗ ಮಧುಕೇಶ್ವರ ಗಾಡಿಯಲ್ಲಿ ತಂದು ಮಲಗಿಸಿ ಹೋದ. ಅವಳಂಥ ಬ್ರಾಹ್ಮಣ ರೋಗಿಗಳಿಗೆ ನೀರು ಕೊಡಲು ಗೊತ್ತುಮಾಡಿದ್ದ ಭಟ್ಟರು ಹಿಂದಿನ ದಿನವೇ ಹೆದರಿ ಓಡಿದ್ದರು. ಕಾಲರಾದ ರೋಗಿಗೆ ನೀರೇ ಜೀವ. ಮೊದಲೇ ಮಂಜಾಗಿದ್ದ ಮುದುಕಿಯ ಕಣ್ಣು ಆಗಲೇ ಗುಳಿಬಿದ್ದಿತ್ತು.

"ಅಮ್ಮಾ, ಒಂದು ಗುಟುಕು ಕುಡೀರಿ," ಎಂದು ಜೈನಾಬ್‌ಬಿ ಬಗ್ಗಿದಳು.

ಮುದುಕಿ ಮಾತಿನ ಧಾಟಿಯಲ್ಲೇ ಯಾರೆಂದು ಅರಿತಳು. "ಜೀವ ಹೋದ್ರೂ ಅಡ್ಡಿಲ್ಲೆ. ನಿನ್ನ ಕೈ ನೀರು ಎಂಗೆ ಬ್ಯಾಡ ತಂಗಿ."

ಬೈಗುಳವಲ್ಲ ಅದು. 'ತಂಗಿ' ಎಂದೇ ಹೇಳಿದ್ದಳು. ಅದಕ್ಕೇ ಹೆಚ್ಚು ಕಷ್ಟವಾಯಿತು.

ಇನಾಸ್ ಸಿಡುಕಿದ. "ಅವಳಿಗೆ ಕಣ್ಣು ಸರಿ ಕಾಣೋದಿಲ್ಲ. ಭಟ್ಟರು ತಂದ ನೀರು ಅಂತ ಹೇಳಿ ಹುಯ್ಯಿ!"

"ಮನೆಗೆ ಬಂದವರಿಗೆ ಸುಳ್ಳು ಹೇಳಿ ಕುಡಿಸ್ತಾರಾ ಸಾಹೇಬ್ರೆ? ನೀವೇ ಹೇಳಿದ್ರಲ್ಲ, ಅತಿಥಿ ಅಂತ."

ವಾಂತಿ ಮಾಡುತ್ತಿದ್ದ ಇನ್ನೊಬ್ಬನ ಕಡೆಗೆ ಇನಾಸ್ ಓಡಿದ. ಜೈನಾಬ್‌ಬಿ ಸೆರಗು ಬಿಗಿದು ಪೇಟೆಗೆ ನಡೆದಳು. ಮಧುಕೇಶ್ವರ ನೆಂಟರ ಮನೆಯಲ್ಲಿ ಉಳಿದಿದ್ದ. ಅಂಗಳದಲ್ಲೇ ನಿಂತು ಕೂಗಿದಳು.

"ನಿಮ್ಮ ತಾಯಿಗೆ ನೀರು ಬೇಕ್ರಿ. ಬರ್ರಿ."

ಅವನು ತಂಬಿಗೆ ತುಂಬಿಕೊಂಡು ಮೆಟ್ಟಿಲವರೆಗೆ ಬಂದ. ಕೊಡಲು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. "ನೀವು ಮುಟ್ಟಿದ್ರೆ ಆಯಿ ಕುಡಿಯೋದಿಲ್ಲ."

"ಹಾಗಾದ್ರೆ ನೀವೇ ಬರ್ರಿ."

ಅವನು ಒಂದು ಮೆಟ್ಟಿಲು ಇಳಿದ. ಒಳಗೆ ಹೆಂಡತಿ ಮಗುವನ್ನು ಎತ್ತಿಕೊಂಡು ಅಳುತ್ತಿದ್ದಳು. ಅವನು ಮತ್ತೆ ಹತ್ತಿದ. ಪಾಪ, ಕೆಟ್ಟವನಲ್ಲ. ಹೆದರಿದವನು. "ಭಟ್ಟರನ್ನ ಹುಡುಕಿ ಕಳಿಸ್ತೆ," ಎಂದು ಬಾಗಿಲು ಹಾಕಿಕೊಂಡ. ತುಂಬಿದ ತಂಬಿಗೆ ಮೆಟ್ಟಿಲ ಮೇಲೇ ಉಳಿಯಿತು.

ಜೈನಾಬ್‌ಬಿ ಬರಿಗೈಯಲ್ಲಿ ಚಪ್ಪರಕ್ಕೆ ಬಂದಾಗ ವೆಂಕಮ್ಮ ಹಾಸಿಗೆಯಲ್ಲಿರಲಿಲ್ಲ. ಬಾಗಿಲ ಹತ್ತಿರ, ಜೈನಾಬ್‌ಬಿ ತನಗೆಂದು ಇಟ್ಟುಕೊಂಡಿದ್ದ ನೀರಿನ ಮಡಕೆಯ ಪಕ್ಕ ಮಗುಚಿ ಬಿದ್ದಿದ್ದಳು. ಅಷ್ಟು ದೂರ ತೆವಳಿದ್ದಳು. ಮಡಕೆ ಉರುಳಿ ನೆಲವೆಲ್ಲ ಒದ್ದೆಯಾಗಿತ್ತು. ತುಟಿ ಒದ್ದೆಯಾಗಿತ್ತು. ಉಸಿರು ಇರಲಿಲ್ಲ.

ಜೈನಾಬ್‌ಬಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಟ್ಟಿಯಾಗಿ ಅತ್ತಳು. ಅತಿಥಿ ನೀರಿಗೆ ಕೈ ಚಾಚಿದ ಹೊತ್ತಿಗೆ ಮನೆಯ ಯಜಮಾನತಿ ಮನೆಯಲ್ಲಿರಲಿಲ್ಲ. ಗಂಡ ಸತ್ತಂತೆ ಈಕೆಯೂ ಒಬ್ಬಳೇ ಸತ್ತಳು.

ಬೆಳಿಗ್ಗೆ ಮಧುಕೇಶ್ವರ ಬಂದು ದೂರದಲ್ಲೇ ನಿಂತ. ತಾಯಿ ಹೇಗೆ ಸತ್ತಳೆಂದು ಕೇಳುವ ಮೊದಲು ಇನ್ನೊಂದು ಕೇಳಿದ.

"ಆಯಿ... ನಿಮ್ಮ ನೀರು ಕುಡಿದ್ಲಾ?"

"ಇಲ್ಲ್ರೀ. ನೇಮ ಬಿಡಲಿಲ್ಲ," ಎಂದಳು, ಆ ಒದ್ದೆ ತುಟಿ ನೆನಪಿದ್ದೂ.

ಅವನು ಮುಖ ಮುಚ್ಚಿಕೊಂಡು ಅತ್ತ. ಆ ಅಳುವಿನಲ್ಲಿ ಸಮಾಧಾನವೂ ಇತ್ತು. ಅದನ್ನು ಕಂಡು ಜೈನಾಬ್‌ಬಿ ಮುಖ ತಿರುಗಿಸಿದಳು. ಆದರೂ ಎಂದಿನಂತೆ ವೆಂಕಮ್ಮನನ್ನು ಬಾಗಿಲವರೆಗೆ ಕಳಿಸಿ ಬಂದಳು.

ಮಳೆ ಹಿಡಿದು ಚಪ್ಪರ ಬಿಚ್ಚುವವರೆಗೂ ಅವಳು ಅಲ್ಲೇ ಇದ್ದಳು. ವೆಂಕಮ್ಮ ಸತ್ತಂದಿನಿಂದ ಮಾತ್ರ ನೀರು ಕುಡಿಯುತ್ತೀರಾ ಎಂದು ಯಾರನ್ನೂ ಕೇಳಲಿಲ್ಲ. ಬೇಡವೆಂದವರ ತಲೆ ಎತ್ತಿ, ಹೆಸರು ಹೇಳಿ, "ನಾನು ಜೈನಾಬ್, ಇದು ನನ್ನ ಮಡಕೆ ನೀರು," ಎಂದು ಬಾಯಿಗೆ ಹುಯ್ಯುತ್ತಿದ್ದಳು. ಜಾತಿ ಕೆಡಿಸಿದಳು ಎಂದು ಕೆಲವರು ಉಗಿದರು. ಒಬ್ಬನಂತೂ ಕೈ ಕಚ್ಚಿದ.

"ಈಗ ನೀನು ಅವರಿಗೆ ಶತ್ರು," ಎಂದ ಇನಾಸ್, ಗಾಯಕ್ಕೆ ಬಟ್ಟೆ ಸುತ್ತುತ್ತ.

"ಆಗಲಿ ಸಾಹೇಬ್ರೆ," ಎಂದಳು ಜೈನಾಬ್‌ಬಿ. "ಬೈಯೋಕಾದ್ರೂ ಬದುಕಿರ್ತಾರಲ್ಲ."