ಹಿಂಡಿಯ ಕೋಟೆ ಕಟ್ಟಿದ ಚಿತ್ತಪ್ಪ

ನನ್ನ ಮೈದುನ ಚಿತ್ತಪ್ಪ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಮೂಟೆ ತೂಗಿ ತಲೆ ನೆರೆಸಿಕೊಂಡವನು. ಈಗ ಬಿ.ಜಿ. ಕೆರೆಯಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಇದ್ದಾನೆ. ಕುಡಿತ ಇಲ್ಲ, ಇಸ್ಪೀಟಿಲ್ಲ. ಇರೋದೊಂದೇ ಚಟ, ದುರ್ಗದ ಕಾಳಗದ ಕಥೆ ಹೇಳೋದು. ಒಬ್ಬರೂ ಅದನ್ನು ಕೊನೇತನಕ ಕೇಳಿದ್ದಿಲ್ಲ. ಹೈದರನ ದಂಡು ಬೆಟ್ಟದ ಬುಡಕ್ಕೆ ಬರೋ ಹೊತ್ತಿಗೆ ಒಬ್ಬನಿಗೆ ಬಸ್ಸು, ಒಬ್ಬಳಿಗೆ ಒಲೆ ಮೇಲಿನ ಸಾರು ನೆನಪಾಗುತ್ತೆ. ನಮ್ಮ ಯಜಮಾನರಂತೂ ಇದ್ದಾಗ, ಇವನು ಬಾಯಿ ತೆರೆದರೆ ಸಾಕು, ಗೊರಕೆ ಹೊಡೆಯೋರು.

"ಅತ್ತಿಗೆಮ್ಮ, ಕಿವಿಗೆ ಹೇಳಿದ್ದು ಸಾಕು. ಈ ಸಲ ಕಣ್ಣಿಗೆ ತೋರಿಸ್ತೀನಿ. ಆಗ್ಲೂ ಜನ ಕೂರಲಿಲ್ಲಾಂದ್ರೆ ಇನ್ನು ಕಥೆಗೆ ಬಾಯೇ ಬಿಡಲ್ಲ" ಅಂದ.

ಸಂತೆಯಿಂದ ಪ್ಲಾಸ್ಟಿಕ್ ಸಿಪಾಯಿಗಳನ್ನು ತಂದ. ಎಲ್ಲಾ ಹಸಿರು, ಎಲ್ಲರ ಕೈಲೂ ಬಂದೂಕು. ನಮ್ಮೋರ್ಯಾರು, ಅವರ್ಯಾರು? ಕಂಬಳಿಯ ಉಣ್ಣೆ ಕಿತ್ತು ಅರ್ಧ ಮಂದಿಗೆ ಮೀಸೆ ಅಂಟಿಸಿದ. ಮೀಸೆ ಇದ್ದೋರು ದುರ್ಗದೋರು. ಒಬ್ಬನಿಗೆ ಮೀಸೆ ಹಣೆಗೆ ಅಂಟಿತ್ತು.

"ಇದ್ಯಾಕೋ ಹಿಂಗೆ?"

"ಅವ್ನು ಸಿಟ್ಟಿನ ಮನುಷ್ಯ ಅತ್ತಿಗೆಮ್ಮ, ಹುಬ್ಬು ದಪ್ಪ."

ಬೆಟ್ಟಕ್ಕೆ ಮಿಲ್ಲಿನಿಂದ ಶೇಂಗಾ ಹಿಂಡಿ ತಂದ. ನೋಡಿದರೆ ದುರ್ಗದ ಬಂಡೆಯದೇ ಬಣ್ಣ. ಕಂಬಳಿಗೆ ಹಚ್ಚೋ ಹುಣಸೆ ಬೀಜದ ಗಂಜಿಯಲ್ಲಿ ಮೆತ್ತಿ, ಅಂಗಳದಲ್ಲಿ ಹಳೇ ಹಲಗೆಯ ಮೇಲೆ ಏಳು ಸುತ್ತಿನ ಕೋಟೆ ಎಬ್ಬಿಸಿದ. ಎಷ್ಟು ಚೆನ್ನಾಗಿತ್ತೆಂದರೆ, ಅದು ದನ ತಿನ್ನೋ ಹಿಂಡಿ ಅನ್ನೋದೇ ನಮಗ್ಯಾರಿಗೂ ಹೊಳೀಲಿಲ್ಲ.

ಭಾನುವಾರ ಓಣಿಯೋರೆಲ್ಲ ಬಂದು ಕೂತರು. ಚಿತ್ತಪ್ಪ ಶುರು ಮಾಡಿದ. ದಂಡು ಬುಡಕ್ಕೆ ಬಂತು, ಅಷ್ಟರಲ್ಲಿ ನಲ್ಲಿಗೆ ನೀರೂ ಬಂತು. ಹೆಂಗಸರು ಸೀರೆ ಕೊಡವಿಕೊಂಡು ಎದ್ದರು. ಚಿತ್ತಪ್ಪನ ಮುಖ ಬಾಡಿದ ಸೊಪ್ಪಾಯಿತು.

ಆಗ ಅವನ ಎಮ್ಮೆ ಗೂಟ ಕಿತ್ತುಕೊಂಡು ಬಂದು, ಮೊದಲನೇ ಸುತ್ತಿಗೇ ಬಾಯಿ ಹಾಕಿತು!

ಎದ್ದವರು ಅಲ್ಲೇ ಕುಕ್ಕರಿಸಿದರು. ಅವನ ಹೆಂಡತಿ ಜುಂಜಮ್ಮ ಕೋಲೆತ್ತಿದಳು. ಚಿತ್ತಪ್ಪ ಎಮ್ಮೆ ನೋಡಿದ, ಜನರನ್ನು ನೋಡಿದ.

"ಹೊಡೀಬ್ಯಾಡ ಕಣೇ, ಜನ ಕೂತವ್ರೆ!"

"ಪ್ಲಾಸ್ಟಿಕ್ ನುಂಗಿದ್ರೆ?"

"ಸಿಪಾಯಿಗಳನ್ನ ನೀನು ಆರಿಸ್ಕೋ. ಕಥೆ ನಾನು ಹೇಳ್ತೀನಿ."

ಜುಂಜಮ್ಮ ಎಮ್ಮೆಯ ಮೂತಿ ಮುಂದಿನಿಂದ ಒಬ್ಬೊಬ್ಬರನ್ನೇ ಎತ್ತಿ ಸೆರಗಿಗೆ ಹಾಕಿಕೊಂಡಳು. ಇವನು ಕೂಗಿದ, "ಎರಡನೇ ಸುತ್ತು ಬಿತ್ತು! ಬತೇರಿ, ಬುರುಜು ಎಲ್ಲಾ ಹೋಯ್ತು!"

"ಮೀಸೆಯೋರನ್ನ ಮೊದ್ಲು ಉಳಿಸೇ ಜುಂಜಿ!" ಅಂತ ಎದುರು ಮನೆ ಬೋರಕ್ಕ ಎದೆ ಬಡಿದುಕೊಂಡಳು.

ಎಮ್ಮೆ ಹಲಗೆ ನೆಕ್ಕಿತು. "ಕೋಟೆ ಬಿತ್ತು" ಅಂದ ಚಿತ್ತಪ್ಪ. ಒಬ್ಬರೂ ಎದ್ದಿರಲಿಲ್ಲ.

"ಆಮೇಲೇನಾತಪ್ಪ?" ಅಂದಳು ಬೋರಕ್ಕ.

ಕಥೆ ಕೇಳ್ತಾ ಅಲ್ಲೀತನಕ ಯಾರೂ ಬಂದಿದ್ದಿಲ್ಲವಲ್ಲ, ಮುಂದಿನದನ್ನು ಅವನು ಯೋಚಿಸೇ ಇರಲಿಲ್ಲ. "ನಾಳೆ ಬರ್ರಿ, ಹೇಳ್ತೀನಿ" ಅಂದುಬಿಟ್ಟ.

ಇವತ್ತು ಬೆಳಗ್ಗೆಯಿಂದ ನನ್ನ ಕಟ್ಟೆ ಮೇಲೆ ಕೂತಿದ್ದಾನೆ. "ಅತ್ತಿಗೆಮ್ಮ, ಆಮೇಲೇನಾತು, ನೀನೇ ಹೇಳು" ಅಂತ ನನ್ನ ಪ್ರಾಣ ತಿಂತಿದ್ದಾನೆ.