ಗುಂಬಜಿನ ಒಳಗಿನ ಎರೆಮಣ್ಣು

ಮೇಸ್ತ್ರಿಯವರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಜೀವಮಾನದ ಸಿಮೆಂಟು ಅವನ್ನೆಲ್ಲ ತಿಂದುಹಾಕಿತ್ತು. ರೇಷನ್ ಕಚೇರಿಯ ಗುಮಾಸ್ತ ಮೂರು ಸಲ ಹೆಬ್ಬೆಟ್ಟು ಒತ್ತಿಸಿದರೂ ಬಿದ್ದದ್ದು ಬರೀ ಮಸಿಯ ಮಚ್ಚೆಯಂತೆ. ತಾವು ಇದ್ದಾರೋ ಇಲ್ಲವೋ ಎಂದು ಸರ್ಕಾರಕ್ಕೇ ಗುಮಾನಿ ಬಂದಿದೆ ಎಂದು ಹೇಳಿಕೊಂಡು ನಗುತ್ತಿದ್ದರು.

ಅವರು ಆಳಂದದವರು, ಮುಸಲ್ಮಾನರು. ನಾನು ಖಜೂರಿ ಕಡೆಯ ಸಣ್ಣ ಹಳ್ಳಿಯೊಂದಕ್ಕೆ ಹೊಸದಾಗಿ ಬಂದಿದ್ದ ಪಾದ್ರಿ. ಗಡಿಯಾಚೆ ಭೂಮಿ ನಡುಗಿದ ವರ್ಷ ನಮ್ಮ ಕಲ್ಲುಮಣ್ಣಿನ ಚರ್ಚಿನ ಚಪ್ಪಟೆ ಮಾಳಿಗೆಯೂ ಕುಸಿದಿತ್ತು. ಒಳಗೆ ಯಾರೂ ಇರಲಿಲ್ಲ, ಪುಣ್ಯ. ಆದರೆ ಅಂದಿನಿಂದ ಸಭೆಯ ಜನ ಸೂರಿನ ಕೆಳಗೆ ಕೂಡಲು ಒಪ್ಪಲಿಲ್ಲ. ಸುಡುಬಿಸಿಲಲ್ಲೂ ಬೇವಿನ ಮರದಡಿಯೇ ಆರಾಧನೆ. ಬೀಳದಂಥ ಸೂರು ಕಟ್ಟಿಸುತ್ತೇನೆಂದು ನಾನು ಮಾತು ಕೊಟ್ಟುಬಿಟ್ಟಿದ್ದೆ.

"ಮಾಳಗಿಗೆ ನಾಕು ಮೂಲಿ, ನಾಕೂ ಕಡೆ ಒಡಿಯಾಕ ದಾರಿ. ಗುಂಬಜಿಗೆ ಮೂಲೀನೇ ಇಲ್ಲರಿ" ಎಂದರು ಮೇಸ್ತ್ರಿ. ದರ್ಗಾದಂತೆ ಕಾಣುತ್ತದೆ ಎಂದು ಹಿರಿಯರೊಬ್ಬರು ಮೂಗು ಮುರಿದರು. ಶಿಲುಬೆ ಇಟ್ಟರೆ ಚರ್ಚು, ಇಡದಿದ್ದರೆ ಜೋಳದ ಗೋದಾಮು, ನಿಮಗೆ ಯಾವುದು ಬೇಕು ಎಂದು ಮೇಸ್ತ್ರಿ ಕೇಳಿದ ಮೇಲೆ ಅವರೂ ಒಪ್ಪಿದರು.

ಕಟ್ಟುವ ರೀತಿಯೇ ವಿಚಿತ್ರ. ದುಂಡನೆಯ ಗಟ್ಟಿ ಗೋಡೆ ಎಬ್ಬಿಸಿ, ಒಳಗೆಲ್ಲ ಗುಡ್ಡದ ನೊರಜುಗಲ್ಲಿನ ಕೆಂಪು ಗರಸುಮಣ್ಣು ತುಂಬಿ, ಬುಟ್ಟಿ ಬೋರಲು ಹಾಕಿದಂತೆ ಪೇರಿಸಿ ತಟ್ಟುವುದು. ಅದರ ಮೇಲೆ ಕಬ್ಬಿಣದ ಬಲೆ ಕಟ್ಟಿ ಕಾಂಕ್ರೀಟು. ಅದು ಗಟ್ಟಿಯಾದ ಮೇಲೆ ಒಳಗಿನ ಮಣ್ಣನ್ನೆಲ್ಲ ಬಾಗಿಲಿನಿಂದ ತೋಡಿ ತೆಗೆಯುವುದು. ನೆತ್ತಿಯಲ್ಲಿ ಬಿಸಿಗಾಳಿ ಹೋಗಲು ಒಂದು ಕಿಂಡಿ, ಫ್ಯಾನಿನ ಹಂಗಿಲ್ಲ.

ಗರಸು ತುಂಬಿಸಿರಿ ಎಂದು ನನಗೆ ಹೇಳಿ ಅವರು ಮೂರು ದಿನ ಅಫಜಲಪುರದ ಕೆಲಸಕ್ಕೆ ಹೋದರು. ಗುಡ್ಡ ದೂರ. ಸಭೆಯವರೆಲ್ಲ ಕೊಯ್ಲಿಗೆ ಹೋಗಿದ್ದರು, ಇದ್ದವರು ನಾನೂ ಬಾಡಿಗೆಯ ಟ್ರ್ಯಾಕ್ಟರಿನವನೂ ಇಬ್ಬರೇ. ಕ್ರಿಸ್‌ಮಸ್ಸಿಗೆ ಒಳಗೆ ಕೂರಬೇಕೆಂಬ ಹಟ ನನಗೆ. ಪಕ್ಕದ ಹೊಲದ ಕಪ್ಪು ಎರೆಮಣ್ಣನ್ನೇ ನಡುವಿಗೆ ತುಂಬಿಸಿ, ಮೇಲಷ್ಟೇ ಗರಸು ಬಳಿಸಿದೆ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ ಎಂಬುದು ನಮ್ಮ ಕಡೆ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಆತುರಗಾರನಿಗೆ ಬುದ್ಧಿ ಮಟ್ಟ. ಮೇಸ್ತ್ರಿ ಬಂದಾಗ ನಾನು ಏನೂ ಹೇಳಲಿಲ್ಲ.

ಕಾಂಕ್ರೀಟು ಹಾಕಿದ ವಾರದಲ್ಲೇ ಅಕಾಲಿಕ ಮಳೆ ಹೊಡೆಯಿತು. ಬಾಗಿಲಿನಿಂದ ನೀರು ನುಗ್ಗಿ, ಮಣ್ಣು ಉಬ್ಬಿ, ಗುಂಬಜು ನೆತ್ತಿಯಿಂದ ಬುಡದವರೆಗೆ ಬಿರಿಯಿತು. ಮೇಸ್ತ್ರಿ ಬಾಗಿಲಲ್ಲಿ ಕೈ ತೂರಿಸಿ ಹಿಡಿ ಮಣ್ಣು ತೆಗೆದರು. ಕಪ್ಪಗಿತ್ತು. ಒಮ್ಮೆ ನನ್ನ ಮುಖ ನೋಡಿದರು. ಅಷ್ಟರಲ್ಲಿ ಜನ ನೆರೆದಿದ್ದರು. ಎರೆಮಣ್ಣಿನ ಗುಣ ಗೊತ್ತಿಲ್ಲದ ಇವನೆಂಥ ಮೇಸ್ತ್ರಿ ಎಂದು ಬಾಯಿಗೆ ಬಂದಂತೆ ಅಂದರು. ನಾನು ತುಟಿ ಬಿಚ್ಚಲಿಲ್ಲ. ಆ ಹೊತ್ತಿನ ನನ್ನ ಹೇಡಿತನ ನೆನೆದರೆ ಈಗಲೂ ಮೈ ಉರಿಯುತ್ತದೆ.

ಜನ ಚದುರಿದ ಮೇಲೆ, ನಿಜ ಹೇಳಿಬಿಡುತ್ತೇನೆ ಎಂದೆ. ಅವರು ತಡೆದರು.

"ನನ್ನ ಹೆಸರು ಹೋದ್ರ ಮತ್ತ ಗಳಿಸ್ತೇನಿ. ನಿಮ್ಮ ಮಾತಿನ ಮ್ಯಾಲಿನ ನಂಬಿಕಿ ಹೋದ್ರ ಈ ಮಂದಿ ಎಂದೂ ಒಳಗ ಕಾಲಿಡಂಗಿಲ್ಲ. ಸುಮ್ನಿರ್ರಿ. ಒಡದು ಮತ್ತ ಕಟ್ಟೂಣು."

ಮರುದಿನ ತಾವೇ ಸುತ್ತಿಗೆ ಹಿಡಿದು ಒಡೆದರು. ಈ ಸಲ ಗರಸಿನ ಒಂದೊಂದು ಬುಟ್ಟಿಯನ್ನೂ ಕೈಯಾಡಿಸಿ ನೋಡಿಯೇ ಒಳಗೆ ಬಿಟ್ಟರು. ಕ್ರಿಸ್‌ಮಸ್ ಹಬ್ಬ ಬೇವಿನ ಮರದಡಿಯೇ ಕಳೆಯಿತು. ಬೇಸಿಗೆಗೆ ಗುಂಬಜು ಗಟ್ಟಿಯಾಗಿ ಮಣ್ಣು ತೆಗೆದ ದಿನ, ಮೇಸ್ತ್ರಿ ಖಾಲಿ ಸಿಮೆಂಟ್ ಚೀಲ ಹಾಸಿಕೊಂಡು ಒಳಗೆ ನಟ್ಟನಡುವೆ ಒಬ್ಬರೇ ಕೂತರು. ತಮ್ಮ ಆಳುಗಳನ್ನೆಲ್ಲ ನೆತ್ತಿಗೆ ಹತ್ತಿಸಿ ಕುಣಿಯಿರಿ ಎಂದರು. ಅವರು ಕುಣಿದೇ ಕುಣಿದರು. ಕಾಂಕ್ರೀಟಿನ ಒಂದು ಚೂರೂ ಉದುರಲಿಲ್ಲ. ಮೊದಲು ಮುದುಕಿಯರು ಬಂದರು, ಆಮೇಲೆ ಮಕ್ಕಳು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಗಡಿಗೆಯ ನೀರಿನ ತಂಪು.

ಆದರೂ ಅಪವಾದ ಹೋಗಲಿಲ್ಲ. ಗೊಬ್ಬೂರಿನವರೂ ಜೇವರ್ಗಿಯವರೂ ಗುಂಬಜು ಕಟ್ಟಿಸಲು ವಿಚಾರಿಸಿ, ಎರೆಮಣ್ಣಿನ ಕತೆ ಕೇಳಿ ಹಿಂದೆ ಸರಿದರು. ಕೊನೆಯವರೆಗೂ ಮೇಸ್ತ್ರಿ ಕಂಪೌಂಡ್ ಗೋಡೆಗಳನ್ನೇ ಕಟ್ಟಿದರು. ಸಿಕ್ಕಾಗಲೆಲ್ಲ ಚರ್ಚಿನ ಮಂದಿ ಒಳಗೆ ಕೂರುತ್ತಿದ್ದಾರಲ್ಲವೇ ಎಂದು ಕೇಳುತ್ತಿದ್ದರು. ಹೌದು ಎನ್ನುತ್ತಿದ್ದೆ, ಅಷ್ಟೇ.

ಅವರು ತೀರಿಕೊಂಡಾಗ ಆಳಂದಕ್ಕೆ ಹೋಗಿ ಮಣ್ಣು ಕೊಟ್ಟು ಬಂದೆ. ಆ ಭಾನುವಾರ ಉಪದೇಶ ಬದಿಗಿಟ್ಟು, ತಪ್ಪು ನನ್ನದೆಂದು ಸಭೆಯೆದುರು ಎಲ್ಲವನ್ನೂ ಹೇಳಿದೆ. ಹೇಳಿ ಬಾಗಿಲ ಕಡೆ ನೋಡುತ್ತ ನಿಂತೆ. ಯಾರೂ ಎದ್ದು ಹೋಗಲಿಲ್ಲ. ಮುಂದೆ ಕೂತಿದ್ದ ಮುದುಕಿಯೊಬ್ಬಳು ಮಾತ್ರ ಕಣ್ಣೊರೆಸಿಕೊಂಡು, "ಇದನ್ನ ಅವರಿದ್ದಾಗ ಹೇಳಬೇಕಿತ್ತಲ್ರಿ ಅಯ್ಯನೋರ" ಎಂದಳು.