ಕೊನೆಯ ಬೆಂಚಿನ ಬಿಲ್ಲೆಯಮ್ಮ

ಶನಿವಾರ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚರ್ಚಿನ ಹಿಂಬದಿಯ ಕೋಣೆಯಲ್ಲಿ ಒಲೆಯೊಂದು ಮಾತ್ರ ಎಚ್ಚರವಾಗಿದೆ. ಇಕ್ಕಳದಂತೆ ಬಾಯಿ ತೆರೆಯುವ ಎರಡು ಕಬ್ಬಿಣದ ತಟ್ಟೆಗಳು ಒಲೆಯ ಮೇಲೆ ಕಾಯುತ್ತಿವೆ. ಆಕೆ ಒಂದು ಸೌಟು ತೆಳು ಹಿಟ್ಟು ಸುರಿದು, ತಟ್ಟೆ ಮುಚ್ಚಿ, ಹಿಡಿಯನ್ನು ಒತ್ತುತ್ತಾರೆ. ಅಂಚಿನಿಂದ ಆವಿ ಚುಸ್ಸೆನ್ನುತ್ತದೆ. ತೆರೆದರೆ ಕಾಗದದಷ್ಟು ತೆಳ್ಳಗಿನ ಬಿಳಿ ಹಾಳೆ. ಅದರ ಮೈತುಂಬ ಪುಟ್ಟ ಪುಟ್ಟ ಶಿಲುಬೆಗಳು.

“ಈಗ ಮಾತಾಡ್ಸಬೇಡಿ, ಕೆಂಪಾಗ್ಬಿಡತ್ತೆ,” ಎನ್ನುತ್ತಾರೆ. ಇವರ ಬಗ್ಗೆ ಬರೆಯಲೆಂದು ನಾನು ಬಂದಿರುವುದೇ ಮಾತಾಡಿಸಲು! ಬಾಯಿಗೆ ಬೀಗ ಹಾಕಿಕೊಂಡು ಮೂಲೆಯ ಸ್ಟೂಲಿನ ಮೇಲೆ ಕೂರುತ್ತೇನೆ.

ಭಾನುವಾರದ ಪೂಜೆಯಲ್ಲಿ ಭಕ್ತರು ಸಾಲಾಗಿ ಬಂದು ಸ್ವೀಕರಿಸುವ ಪರಮಪ್ರಸಾದದ ರೊಟ್ಟಿ ತಯಾರಾಗುವುದು ಇಲ್ಲಿ. ನಾಣ್ಯದಂತೆ ಗುಂಡಗಿರುವ ಅದನ್ನು ಇಲ್ಲಿನವರು ಬಿಲ್ಲೆ ಎನ್ನುತ್ತಾರೆ. ಹಾಗಾಗಿ ಈಕೆ ಎಲ್ಲರಿಗೂ ಬಿಲ್ಲೆಯಮ್ಮ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಕಲಿಸಿದ ಕೆಲಸವಿದು. ಹಿಟ್ಟು, ನೀರು, ಅಷ್ಟೇ. ಉಪ್ಪಿಲ್ಲ, ಸಕ್ಕರೆಯಿಲ್ಲ. “ಇದನ್ನ ಕೆಡಿಸೋದು ಬಹಳ ಸುಲಭ. ತಪ್ಪು ಮುಚ್ಚೋಕೆ ಮಸಾಲೆ ಇಲ್ವಲ್ಲ!”

ಬೆಂದ ಹಾಳೆಯನ್ನು ಹಾಗೆಯೇ ಕತ್ತರಿಸಿದರೆ ಪುಡಿಪುಡಿ. ಸಂಜೆಯವರೆಗೆ ಒದ್ದೆ ಬಟ್ಟೆಯಡಿ ಇಟ್ಟು, ಅದು ಮೆತ್ತಗಾದ ಮೇಲೆ ಅಚ್ಚಿನಿಂದ ಒತ್ತಿ ಬಿಲ್ಲೆ ತೆಗೆಯಬೇಕು. ವಾರಕ್ಕೆ ಎಂಟುನೂರು. ಗುರುಗಳು ಪೀಠದ ಮೇಲೆ ಎತ್ತಿ ಹಿಡಿದು ಮುರಿಯುವ ದೊಡ್ಡ ಬಿಲ್ಲೆ ಬೇರೆ. “ಅದು ಟಕ್ ಅಂತ ಮುರೀಬೇಕು. ಕೊನೇ ಬೆಂಚಲ್ಲಿ ಕೂತು ಕಿವಿಗೊಟ್ಟಿರ್ತೀನಿ. ಯೇಸುಸ್ವಾಮಿ ತನ್ನ ಮೈಯನ್ನೇ ನಮಗೋಸ್ಕರ ಮುರಿದುಕೊಟ್ಟ ಅಲ್ವಾ, ಅದರ ನೆನಪಿಗೆ. ಮುರಿಯೋದಕ್ಕೇ ಅಂತ ಇಷ್ಟು ಜೋಪಾನವಾಗಿ ಮಾಡೋದು ಇದೊಂದನ್ನೇ.”

ಬಿಲ್ಲೆ ತೆಗೆದ ಮೇಲೆ ಉಳಿಯುವ ಚೂರುಗಳನ್ನು ಹಿಂದೆ ಮಗ ತಿನ್ನುತ್ತಿದ್ದ. ಒಬ್ಬನೇ ಮಗ. ಅಪ್ಪ ತೀರಿಕೊಂಡ ಮೇಲೆ ತಟ್ಟೆ ಒತ್ತಲು ಅವನೇ ಕೈ ಕೊಡುತ್ತಿದ್ದ, ಜೇಬು ತುಂಬ ಚೂರು ತುಂಬಿಕೊಂಡು ಸೈಕಲ್ ಹತ್ತುತ್ತಿದ್ದ. ಹಾಗೆ ಹತ್ತಿದ ಒಂದು ಬೆಳಿಗ್ಗೆ, ತಿರುವಿನಲ್ಲಿ ಹಾಲಿನ ವ್ಯಾನೊಂದು ಅವನಿಗೆ ಬಡಿಯಿತು. ಅವನು ಹೋಗಿ ಹನ್ನೊಂದು ವರ್ಷವಾಯಿತು. ಈಗ ಚೂರುಗಳು ಕಿಟಕಿಯ ಗುಬ್ಬಚ್ಚಿಗಳಿಗೆ.

ಆ ವ್ಯಾನಿನ ಡ್ರೈವರ್ ಜೈಲಿಗೆ ಹೋದ, ಬಂದ. ಅವನೂ ಇದೇ ಚರ್ಚಿನವನು.

ಮಗ ಸತ್ತಂದಿನಿಂದ ಬಿಲ್ಲೆಯಮ್ಮ ತಾವು ಬೇಯಿಸಿದ್ದನ್ನು ಬಾಯಿಗಿಟ್ಟಿಲ್ಲ. ಗುರುಗಳು ಕರೆದು ಕರೆದು ಸೋತಿದ್ದಾರೆ. “ಮನಸ್ಸಲ್ಲಿ ಕಹಿ ಇಟ್ಕೊಂಡು ಅದನ್ನ ನಾಲಿಗೆ ಮೇಲೆ ಹೇಗಿಡ್ಲಿ? ದೇವರು ಲೋಕವನ್ನ ಪ್ರೀತಿಸಿ ಮಗನನ್ನ ಕೊಟ್ಟ ಅಂತಾರೆ. ಅವನು ಕೊಟ್ಟ. ನಾನು ಕೊಡ್ಲಿಲ್ಲ, ನನ್ನಿಂದ ಕಿತ್ಕೊಂಡ್ರು. ಎರಡೂ ಒಂದೇನಾ? ಕೊಂದವರನ್ನೂ ಕ್ಷಮಿಸೋದು ದೇವರ ಕೈಲಾಗೋ ಕೆಲ್ಸ. ನಾನು ಹಿಟ್ಟು ಕಲಸೋಳು.”

ಮರುಕ್ಷಣ ಆಕೆಯೇ ನಕ್ಕು ಇನ್ನೊಂದು ಕಥೆ ತೆಗೆಯುತ್ತಾರೆ. ಒಮ್ಮೆ ಹೊಟ್ಟೆಯುರಿ ತಡೆಯದೆ ಸೀದುಹೋದ ಬಿಲ್ಲೆಯೊಂದನ್ನು ಡಬ್ಬಿಗೆ ಸೇರಿಸಿದ್ದರಂತೆ, ಆ ಡ್ರೈವರನ ಪಾಲಿಗೇ ಬರಲಿ ಎಂದು. “ಅದು ಹೋಗಿ ಹೋಗಿ ಹಾಡು ಹೇಳೋ ಅಜ್ಜಿ ಬಾಯಿಗೆ ಬಿತ್ತು! ‘ಏನೇ, ಒಲೆ ಮುಂದೆ ನಿದ್ದೆ ಹೊಡೀತಿದ್ಯಾ?’ ಅಂತ ಬೈದ್ರು. ಆಮೇಲೆ ಅಂಥ ಕೆಲ್ಸಕ್ಕೆ ಕೈ ಹಾಕ್ಲಿಲ್ಲ. ಯಾವುದು ಯಾರಿಗೆ ಅಂತ ಆರಿಸೋಕಾಗಲ್ಲ ನೋಡಿ. ಅವನಿಗೂ ಅಂತಲೇ ಬೇಯಿಸ್ಬೇಕು.”

ಅವನು ಸಾಲಿನಲ್ಲಿ ನಿಲ್ಲುವುದನ್ನು ಕಣ್ಣಾರೆ ನೋಡಲಾಗದೆ, ಗುರುಗಳು ರೊಟ್ಟಿ ಮುರಿದ ಕೂಡಲೇ ಆಕೆ ಪಕ್ಕದ ಬಾಗಿಲಿನಿಂದ ಹೊರಟುಬಿಡುತ್ತಿದ್ದರು. ಹೋದ ಭಾನುವಾರ ಮಾತ್ರ ಮೊಣಕಾಲು ಹಿಡಿದುಕೊಂಡು ಏಳಲಾಗಲಿಲ್ಲ. ಎಲ್ಲರೂ ಸಾಲಿಗೆ ಹೋದರು. ಬೆಂಚುಗಳು ಖಾಲಿಯಾದವು. ತಲೆಯೆತ್ತಿ ನೋಡಿದರೆ, ಅದೇ ಕೊನೆಯ ಬೆಂಚಿನ, ಯಾವಾಗಲೂ ಜನರ ಮರೆಯಲ್ಲಿರುತ್ತಿದ್ದ ಆ ತುದಿಯಲ್ಲಿ ಅವನು ತಲೆ ತಗ್ಗಿಸಿ ಕೂತಿದ್ದ.

“ಗಂಟೆ ಹೊಡೆಯೋರನ್ನ ಕೇಳ್ದೆ. ಜೈಲಿಂದ ಬಂದಾಗಿಂದ ಅವನು ಒಂದು ದಿನಾನೂ ಎದ್ದು ಸಾಲಿಗೆ ಹೋಗಿಲ್ವಂತೆ.” ಹಿಡಿಯ ಮೇಲಿನ ಕೈ ನಿಲ್ಲುತ್ತದೆ. “ಅವನು ತಿಂತಾನೆ ಅಂತ ಇಷ್ಟು ವರ್ಷ ಉರ್ಕೊಂಡೆ. ಅವನೂ ಉಪವಾಸ ಕಣ್ರೀ.”

ತಟ್ಟೆಗಳ ನಡುವೆ ಹಾಳೆ ಕೆಂಪಾಗುತ್ತದೆ. ಅದನ್ನು ಪಕ್ಕಕ್ಕಿಟ್ಟು ಮತ್ತೆ ಹಿಟ್ಟು ಸುರಿಯುತ್ತಾರೆ. ಸಂಜೆ ಮೆತ್ತಗಾದ ಹಾಳೆಗಳಿಂದ ಒಂದೊಂದೇ ಬಿಲ್ಲೆ ಒತ್ತಿ ಡಬ್ಬಿಗೆ ತುಂಬುತ್ತಾರೆ.

ಮರುದಿನ ಪೂಜೆಗೆ ನಾನೂ ಹೋಗಿ ಅವರ ಪಕ್ಕ ಕೂರುತ್ತೇನೆ. ಆ ತುದಿಯಲ್ಲಿ ನರೆಗೂದಲಿನ ಒಬ್ಬ ಮನುಷ್ಯ, ಟೋಪಿಯನ್ನು ತೊಡೆಯ ಮೇಲೆ ಹಿಸುಕುತ್ತಿದ್ದಾನೆ. ಪೀಠದಲ್ಲಿ ರೊಟ್ಟಿ ಟಕ್ಕೆಂದು ಮುರಿಯುತ್ತದೆ. ಬಿಲ್ಲೆಯಮ್ಮ ತಲೆಯಾಡಿಸುತ್ತಾರೆ. ಜನ ಏಳುತ್ತಾರೆ, ಸಾಲು ಸಾಗುತ್ತದೆ, ಸಣ್ಣದಾಗುತ್ತದೆ.

ಆಕೆ ಮುಂದಿನ ಬೆಂಚು ಹಿಡಿದು ಏಳುತ್ತಾರೆ. ಪಕ್ಕದ ಬಾಗಿಲಿಗೇ ಹೊರಟರೆಂದುಕೊಳ್ಳುತ್ತೇನೆ. ಇಲ್ಲ. ಮೊಣಕಾಲು ಎಳೆಯುತ್ತ ಬೆಂಚಿನ ಹಿಂದಿನಿಂದ ಸುತ್ತಿ ಆ ತುದಿಗೆ ಹೋಗಿ ನಿಲ್ಲುತ್ತಾರೆ. ಅವನು ಯಾರೆಂದು ನೋಡಿ ಗೋಡೆಯತ್ತ ಸರಿಯುತ್ತಾನೆ. ಟೋಪಿ ಕೆಳಗೆ ಬೀಳುತ್ತದೆ. ಆಕೆ ಕಷ್ಟಪಟ್ಟು ಬಗ್ಗಿ, ಅದನ್ನೆತ್ತಿ, ಧೂಳು ಕೊಡವಿ ಅವನ ಕೈಗಿಡುತ್ತಾರೆ.

“ಏಳಪ್ಪಾ, ಸಾಲು ಮುಗೀತಾ ಬಂತು,” ಎನ್ನುತ್ತಾರೆ. “ಇವತ್ತಿಂದು ಚೆನ್ನಾಗಿ ಬೆಂದಿದೆ.”